ಪ್ರಾಡ್ ಪ್ರಾಜೆಕ್ಟ್‌ನಲ್ಲಿ 'ಫರ್ಬಿಡನ್': ಓಪನ್‌ಶಿಫ್ಟ್‌ನಲ್ಲಿ ಪರ್ಮಿಷನ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವುದು ಹೇಗೆ

ಡೆವ್ ಪ್ರಾಜೆಕ್ಟ್‌ನಲ್ಲಿ ಎಲ್ಲ ಸಲೀಸಾಗಿ ಓಡುತ್ತದೆ. ಅದೇ ಕೆಲಸ ಟೆಸ್ಟ್‌ನಲ್ಲೋ ಪ್ರಾಡ್‌ನಲ್ಲೋ (ನಿಜವಾದ ಬಳಕೆದಾರರಿರುವ ಕಡೆ) ಮಾಡಲು ಹೋದರೆ 'ಫರ್ಬಿಡನ್', ಅಂದರೆ ಅನುಮತಿ ಇಲ್ಲ. ಆಗ ತಂಡದಲ್ಲಿ ಯಾರಾದರೊಬ್ಬರು ಹೇಳೇ ಹೇಳುತ್ತಾರೆ: "ಸದ್ಯಕ್ಕೆ ಕ್ಲಸ್ಟರ್-ಅಡ್ಮಿನ್ ಕೊಟ್ಟುಬಿಡಿ, ಆಮೇಲೆ ನೋಡೋಣ." ಕ್ಲಸ್ಟರ್-ಅಡ್ಮಿನ್ ಅಂದರೆ ಇಡೀ ಕ್ಲಸ್ಟರ್‌ನ (ಒಟ್ಟಾಗಿ ಓಡುವ ಯಂತ್ರಗಳ ಗುಂಪಿನ) ಮೇಲೆ ಪೂರ್ತಿ ಅಧಿಕಾರ. ಆ 'ಆಮೇಲೆ' ಬರುವುದೇ ಇಲ್ಲ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಶುಕ್ರವಾರ ಸಂಜೆ ಹೀಗೆ ಕೊಟ್ಟ ಹಕ್ಕು ಒಂದು ಪೈಪ್‌ಲೈನ್ (ಬಿಲ್ಡ್, ರಿಲೀಸ್ ಕೆಲಸ ತಾನಾಗಿ ನಡೆಸುವ ವ್ಯವಸ್ಥೆ) ಅಕೌಂಟ್‌ಗೆ ತಿಂಗಳುಗಟ್ಟಲೆ ಅಂಟಿಕೊಂಡಿತ್ತು. ಅದಕ್ಕೆ ನಿಜವಾಗಿ ಬೇಕಿದ್ದದ್ದು ಪಕ್ಕದ ಪ್ರಾಜೆಕ್ಟ್‌ನಿಂದ ಇಮೇಜ್ (ಓಡಿಸಲು ಸಿದ್ಧವಾದ ಆ್ಯಪ್ ಕಟ್ಟು) ಎಳೆದುಕೊಳ್ಳುವ ಒಂದು ಸಣ್ಣ ಅನುಮತಿ, ಅಷ್ಟೆ.

ಓಪನ್‌ಶಿಫ್ಟ್ ಅನ್ನುವುದು ಕಂಟೇನರ್‌ಗಳಲ್ಲಿ ಆ್ಯಪ್ ಓಡಿಸುವ ಕುಬರ್ನೆಟೀಸ್ ಮೇಲೆ ಕಟ್ಟಿದ ವೇದಿಕೆ. ಅದರ ಪ್ರಾಜೆಕ್ಟ್ ಅಂದರೆ ಕುಬರ್ನೆಟೀಸ್‌ನ ನೇಮ್‌ಸ್ಪೇಸೇ (ಕ್ಲಸ್ಟರ್‌ನೊಳಗೆ ಬೇರ್ಪಡಿಸಿಟ್ಟ ಜಾಗ), ಮೇಲೆ ಒಂದಿಷ್ಟು ಹೆಚ್ಚಿನ ಮಾಹಿತಿ ಅಂಟಿಸಿರುತ್ತಾರೆ. ಹಾಗಾಗಿ ಇಲ್ಲಿ ಹೇಳುವ ಹೆಚ್ಚಿನದು ಬರೀ ಕುಬರ್ನೆಟೀಸ್ ಬಳಸುವವರಿಗೂ ಹೊಂದುತ್ತದೆ. ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. 'ಓಸಿ' ಅಂದರೆ ಓಪನ್‌ಶಿಫ್ಟ್‌ನ ಕಮಾಂಡ್ ಸಾಧನ, '-ಎನ್' ಮುಂದೆ ಬರುವುದು ಪ್ರಾಜೆಕ್ಟ್‌ನ ಹೆಸರು. ಉದಾಹರಣೆಗೆ ಮೂರು ಪ್ರಾಜೆಕ್ಟ್ ಇಟ್ಟುಕೊಳ್ಳೋಣ: ಅಂಗಡಿ-ಬಿಲ್ಡ್, ಅಂಗಡಿ-ಟೆಸ್ಟ್, ಅಂಗಡಿ-ಪ್ರಾಡ್.

## ಏನನ್ನೂ ಮುಟ್ಟುವ ಮೊದಲು: ಎರರ್ ಪೂರ್ತಿ ಓದಿ

ಎಷ್ಟೋ ಜನ 'ಫರ್ಬಿಡನ್' ಎಂಬ ಪದ ಕಂಡ ಕೂಡಲೇ ಓದುವುದನ್ನು ನಿಲ್ಲಿಸುತ್ತಾರೆ. ಉತ್ತರ ಇರುವುದು ಅದರ ಮುಂದಿನ ಸಾಲಿನಲ್ಲಿ. ಸಾಮಾನ್ಯವಾಗಿ ಅದು ಹೀಗಿರುತ್ತದೆ:

'ಯೂಸರ್ ಸಿಸ್ಟಮ್:ಸರ್ವಿಸ್‌ಅಕೌಂಟ್:ಅಂಗಡಿ-ಬಿಲ್ಡ್:ಡೀಫಾಲ್ಟ್ ಕೆನಾಟ್ ಲಿಸ್ಟ್ ರಿಸೋರ್ಸ್ ಪಾಡ್ಸ್ ಇನ್ ಎಪಿಐ ಗ್ರೂಪ್ "" ಇನ್ ದ ನೇಮ್‌ಸ್ಪೇಸ್ ಅಂಗಡಿ-ಪ್ರಾಡ್'

ಯಾರು ಕೇಳಿದರು, ಏನು ಮಾಡಲು ಹೊರಟರು, ಯಾವುದರ ಮೇಲೆ, ಯಾವ ಪ್ರಾಜೆಕ್ಟ್‌ನಲ್ಲಿ: ನಾಲ್ಕೂ ಇದರಲ್ಲೇ ಇದೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಪರೀಕ್ಷೆಗೂ ಇದೇ ಆಧಾರ. ಮೇಲಿನ ಸಾಲಿನಲ್ಲಿ ಕೇಳಿದ್ದು ನೀವಲ್ಲ, ಬಿಲ್ಡ್ ಪ್ರಾಜೆಕ್ಟ್‌ನ 'ಡೀಫಾಲ್ಟ್' ಎಂಬ ಸರ್ವಿಸ್ ಅಕೌಂಟ್ (ಮನುಷ್ಯರ ಬದಲು ಪ್ರೋಗ್ರಾಮ್‌ಗಳು ಬಳಸುವ ಖಾತೆ). ನಿಮ್ಮ ಹೆಸರಿಗೆ ಎಷ್ಟು ರೋಲ್ (ಹಕ್ಕುಗಳ ಪಟ್ಟಿ) ಕೊಟ್ಟರೂ ಈ ಎರರ್ ಅಲ್ಲಾಡುವುದಿಲ್ಲ. ಅರ್ಧಕ್ಕರ್ಧ ಪ್ರಕರಣ ಇಲ್ಲೇ ಬಗೆಹರಿಯುತ್ತದೆ ಎಂಬುದು ನನ್ನ ಅನುಭವ.

ಎಪಿಐ ಗ್ರೂಪ್ (ವಸ್ತುಗಳ ಬಗೆಗಳನ್ನು ವಿಂಗಡಿಸಿದ ಗುಂಪಿನ ಹೆಸರು) ಖಾಲಿ ಇದ್ದರೆ ಗಾಬರಿ ಬೇಡ. ಪಾಡ್ (ಆ್ಯಪ್ ಓಡುವ ಘಟಕ), ಸೀಕ್ರೆಟ್ (ಪಾಸ್‌ವರ್ಡ್‌ನಂಥ ಗುಟ್ಟಿನ ಮಾಹಿತಿ), ಸರ್ವಿಸ್ (ಪಾಡ್‌ಗಳನ್ನು ತಲುಪುವ ವಿಳಾಸ) ಇವೆಲ್ಲ ಆ ಖಾಲಿ ಹೆಸರಿನ ಮೂಲ ಗುಂಪಿನಲ್ಲೇ ಇರುವುದು.

## "ಲಾಗಿನ್ ಆಗಿದ್ದೀನಿ, ಆದರೂ 401 ಬರ್ತಿದೆ"

401 ಅಂದರೆ 'ನೀವು ಯಾರೋ ಗೊತ್ತಿಲ್ಲ'. 403 ಅಂದರೆ 'ನೀವು ಯಾರು ಅಂತ ಗೊತ್ತು, ಆದರೆ ಬಿಡಲ್ಲ'. 401 ಬಂದರೆ ರೋಲ್ ಕಡೆ ತಿರುಗಿಯೂ ನೋಡಬೇಡಿ. 'ಓಸಿ ಹೂ-ಆಮ್-ಐ' ಹೊಡೆಯಿರಿ. ಉತ್ತರ ಬರದಿದ್ದರೆ ಟೋಕನ್ (ಲಾಗಿನ್ ಆದಾಗ ಸಿಗುವ ಗುಟ್ಟಿನ ಗುರುತು) ಸತ್ತಿದೆ. ಓಪನ್‌ಶಿಫ್ಟ್‌ನಲ್ಲಿ ಮನುಷ್ಯರ ಲಾಗಿನ್ ಟೋಕನ್‌ನ ಆಯಸ್ಸು, ಯಾರೂ ಬದಲಾಯಿಸದಿದ್ದರೆ, 24 ಗಂಟೆ. ಮತ್ತೆ ಲಾಗಿನ್ ಆಗಿ, ಮುಗಿಯಿತು.

ಪೈಪ್‌ಲೈನ್‌ನಲ್ಲಿ 401 ಬಂದರೆ ಎಲ್ಲೋ ಹಳೆಯ ಟೋಕನ್ ಅಂಟಿಸಿಟ್ಟಿರುವ ಸಾಧ್ಯತೆ ಜಾಸ್ತಿ. ಕುಬರ್ನೆಟೀಸ್ 1.24ರಿಂದ ಸರ್ವಿಸ್ ಅಕೌಂಟ್‌ಗೆ ಎಂದೂ ಮುಗಿಯದ ಟೋಕನ್ ತಾನಾಗಿ ಹುಟ್ಟುವುದಿಲ್ಲ. ಕೇಳಿ ಪಡೆದ ಟೋಕನ್‌ಗೆ ಅವಧಿ ಇರುತ್ತದೆ.

ಎಚ್ಚರ: 'ಓಸಿ ಹೂ-ಆಮ್-ಐ -ಟಿ' ಎಂದರೆ ಟೋಕನ್ ಪರದೆಯ ಮೇಲೆ ಬರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದು ತಂಡದ ಗ್ರೂಪ್‌ಗೆ ಹಾಕಬೇಡಿ. ಅದು ಮನೆ ಬೀಗದ ಕೈಯನ್ನು ಬಾಗಿಲಲ್ಲೇ ತೂಗುಹಾಕಿದ ಹಾಗೆ.

## "ಪ್ರಾಜೆಕ್ಟ್ ಇದೆ ಅಂತ ಗೊತ್ತು, ನನ್ನ ಲಿಸ್ಟ್‌ನಲ್ಲಿ ಕಾಣ್ತಿಲ್ಲ"

'ಓಸಿ ಗೆಟ್ ಪ್ರಾಜೆಕ್ಟ್ಸ್' ನಿಮಗೆ ಪ್ರವೇಶ ಇರುವ ಪ್ರಾಜೆಕ್ಟ್‌ಗಳನ್ನು ಮಾತ್ರ ತೋರಿಸುತ್ತದೆ. ಕಾಣಲಿಲ್ಲ ಎಂದರೆ ಅಲ್ಲಿ ನಿಮಗೆ ಯಾವ ರೋಲೂ ಇಲ್ಲ, ಅಥವಾ ಹೆಸರು ತಪ್ಪು ಹೊಡೆದಿದ್ದೀರಿ. ಮಜಾ ಏನೆಂದರೆ, ಇಲ್ಲದೇ ಇರುವ ಪ್ರಾಜೆಕ್ಟ್‌ಗೆ ಹೋಗಲು ನೋಡಿದರೂ 'ನೀವು ಇದರ ಸದಸ್ಯರಲ್ಲ' ಎಂಬರ್ಥದ ಉತ್ತರವೇ ಬರುತ್ತದೆ. ಹೊರಗಿನವರಿಗೆ ಪ್ರಾಜೆಕ್ಟ್ ಇದೆಯೋ ಇಲ್ಲವೋ ಎಂಬುದನ್ನೂ ಬಿಟ್ಟುಕೊಡುವುದಿಲ್ಲ. ಹಾಗಾಗಿ 'ಅಂಗಡಿ-ಪ್ರಾಡ್' ಬದಲು 'ಅಂಗಡಿ-ಪ್ರಾಡಕ್ಷನ್' ಎಂದು ಹೊಡೆದವರು ಪರ್ಮಿಷನ್ ಇಲ್ಲ ಎಂದು ಟಿಕೆಟ್ ಹಾಕುತ್ತಾರೆ. ನಾನೂ ಹಾಕಿದ್ದೇನೆ.

'ಓಸಿ ಗೆಟ್ ನೇಮ್‌ಸ್ಪೇಸಸ್' ಹೊಡೆದು ಫರ್ಬಿಡನ್ ಬಂದರೆ ಅದು ದೋಷವೇ ಅಲ್ಲ. ಎಲ್ಲ ನೇಮ್‌ಸ್ಪೇಸ್‌ಗಳ ಪಟ್ಟಿ ಇಡೀ ಕ್ಲಸ್ಟರ್ ಮಟ್ಟದ್ದು, ಸಾಮಾನ್ಯ ಬಳಕೆದಾರರಿಗೆ ಸಿಗುವುದಿಲ್ಲ.

## "ರೋಲ್ ಕೊಟ್ಟಾಗಿದೆ ಅಂತಾರೆ, ಆದರೂ ಫರ್ಬಿಡನ್"

ಈ ದೂರು ಬಂದಷ್ಟು ಬೇರೆ ಯಾವುದೂ ಬರುವುದಿಲ್ಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ರೋಲ್ ಅಂದರೆ ಏನೇನು ಮಾಡಬಹುದು ಎಂಬ ಪಟ್ಟಿ. ರೋಲ್‌ಬೈಂಡಿಂಗ್ ಅಂದರೆ ಆ ಪಟ್ಟಿಯನ್ನು ಯಾರಿಗೆ ಕೊಟ್ಟಿದ್ದೇವೆ ಎಂಬ ಚೀಟಿ. ಆ ಚೀಟಿ ಯಾವ ಪ್ರಾಜೆಕ್ಟ್‌ನಲ್ಲಿ ಕೂತಿದೆಯೋ ಅಲ್ಲಿ ಮಾತ್ರ ನಡೆಯುತ್ತದೆ. ಬಿಲ್ಡ್‌ನ ಅಕೌಂಟ್ ಪ್ರಾಡ್‌ಗೆ ಹೋಗಿ ಕೆಲಸ ಮಾಡಬೇಕು ಅಂದರೆ ಚೀಟಿ ಪ್ರಾಡ್‌ನಲ್ಲಿರಬೇಕು. ನೆಂಟರನ್ನು ಒಳಗೆ ಬಿಡಬೇಕಾದ್ದು ಮನೆಯವರು. ನೆಂಟರು ತಮ್ಮ ಮನೆಯಲ್ಲೇ ಕೂತು 'ನಾನು ಬರಬಹುದು' ಎಂದು ಬರೆದಿಟ್ಟುಕೊಂಡರೆ ಏನು ಪ್ರಯೋಜನ?

ಹಾಗಾಗಿ ಮೊದಲು ಕೇಳಿ ನೋಡಿ, ಇದಕ್ಕೆ ಖರ್ಚಿಲ್ಲ, ಅಪಾಯವೂ ಇಲ್ಲ: 'ಓಸಿ ಆತ್ ಕ್ಯಾನ್-ಐ ಲಿಸ್ಟ್ ಪಾಡ್ಸ್ -ಎನ್ ಅಂಗಡಿ-ಪ್ರಾಡ್'. ಉತ್ತರ 'ಯೆಸ್' ಅಥವಾ 'ನೋ'. ಸರ್ವಿಸ್ ಅಕೌಂಟ್ ಪರವಾಗಿ ಕೇಳಬೇಕಾದರೆ ಕೊನೆಗೆ '--ಆಸ್' ಹಾಕಿ ಅದರ ಪೂರ್ತಿ ಹೆಸರು ಕೊಡಿ, ಎರರ್‌ನಲ್ಲಿ ಬಂದ ಹಾಗೆಯೇ. ಬಿಲ್ಡ್ ಪ್ರಾಜೆಕ್ಟ್‌ನಲ್ಲಿ ಎಡಿಟ್ ಅಥವಾ ಅಡ್ಮಿನ್ ರೋಲ್ ಇದ್ದವರು ಅಲ್ಲಿನ ಸರ್ವಿಸ್ ಅಕೌಂಟ್ ಪರವಾಗಿ ಹೀಗೆ ಕೇಳಬಹುದು. ಬೇರೊಬ್ಬ ಮನುಷ್ಯರ ಪರವಾಗಿ ಕೇಳಲು ಅದಕ್ಕೆಂದೇ ಹಕ್ಕು ಬೇಕು. ಅವರಿಗೆ ಹಕ್ಕು ಗುಂಪಿನ ಮೂಲಕ ಬಂದಿದ್ದರೆ '--ಆಸ್-ಗ್ರೂಪ್' ಕೂಡ ಸೇರಿಸಿ. ಇಲ್ಲದಿದ್ದರೆ ಸುಮ್ನೆ 'ನೋ' ಬಂದು ದಾರಿ ತಪ್ಪಿಸುತ್ತದೆ.

'ನೋ' ಬಂತು ಅಂತಿಟ್ಟುಕೊಳ್ಳಿ. ಈಗ ಪ್ರಾಡ್‌ನಲ್ಲಿ ಚೀಟಿ ಇದೆಯೇ ನೋಡಿ: 'ಓಸಿ ಡಿಸ್ಕ್ರೈಬ್ ರೋಲ್‌ಬೈಂಡಿಂಗ್ -ಎನ್ ಅಂಗಡಿ-ಪ್ರಾಡ್'. ನಾನು ಕಂಡ ತಪ್ಪುಗಳನ್ನು, ಹೆಚ್ಚು ಸಿಗುವುದರಿಂದ ಶುರುಮಾಡಿ ಹೇಳುತ್ತೇನೆ.

ಚೀಟಿ ಬೇರೆ ಪ್ರಾಜೆಕ್ಟ್‌ನಲ್ಲಿ ಕೂತಿದೆ. 'ಓಸಿ ಪಾಲಿಸಿ ಆಡ್-ರೋಲ್-ಟು-ಯೂಸರ್' ಹೊಡೆಯುವಾಗ '-ಎನ್' ಮರೆತರೆ, ಆ ಗಳಿಗೆಯಲ್ಲಿ ನೀವು ಯಾವ ಪ್ರಾಜೆಕ್ಟ್‌ನಲ್ಲಿದ್ದೀರೋ ಅಲ್ಲೇ ಬೈಂಡಿಂಗ್ ಆಗುತ್ತದೆ. ಎರರ್ ಬರುವುದಿಲ್ಲ, ಕೊಟ್ಟವರು ಕೊಟ್ಟೆ ಎಂದು ನೆಮ್ಮದಿಯಾಗಿರುತ್ತಾರೆ. ಬರೀ 'ಓಸಿ ಪ್ರಾಜೆಕ್ಟ್' ಹೊಡೆದರೆ ಎಲ್ಲಿದ್ದೀರಿ ಎಂದು ಹೇಳುತ್ತದೆ.

'-ಝೆಡ್' ಮಾಡುವ ಮೋಸ. ಸರ್ವಿಸ್ ಅಕೌಂಟ್‌ನ ಪೂರ್ತಿ ಹೆಸರು ಹೊಡೆಯಲು ಬೇಜಾರಾಗಿ '-ಝೆಡ್ ಡೀಫಾಲ್ಟ್ -ಎನ್ ಅಂಗಡಿ-ಪ್ರಾಡ್' ಎಂದು ಹಾಕುತ್ತೇವೆ. ಆದರೆ '-ಝೆಡ್' ಹುಡುಕುವುದು '-ಎನ್' ಹೇಳಿದ ಪ್ರಾಜೆಕ್ಟ್‌ನ ಅಕೌಂಟನ್ನೇ. ಅಂದರೆ ಹಕ್ಕು ಸಿಕ್ಕಿದ್ದು ಪ್ರಾಡ್‌ನ ಸ್ವಂತ 'ಡೀಫಾಲ್ಟ್'ಗೆ, ಬಿಲ್ಡ್‌ನದ್ದಕ್ಕಲ್ಲ. ಪ್ರಾಜೆಕ್ಟ್ ದಾಟುವ ಕೆಲಸದಲ್ಲಿ '-ಝೆಡ್' ಬಳಸಲೇಬೇಡಿ. ಉದ್ದದ ಹೆಸರೇ ಕ್ಷೇಮ.

ಯಾಮಲ್ (ಸೆಟ್ಟಿಂಗ್ ಬರೆದಿಡುವ ಫೈಲ್) ನಕಲು. ಡೆವ್‌ನಿಂದ ಫೈಲ್ ನಕಲು ಮಾಡಿದಾಗ ಬೈಂಡಿಂಗ್‌ನ ಸ್ವಂತ ನೇಮ್‌ಸ್ಪೇಸ್ ಬದಲಾಯಿಸುತ್ತೇವೆ. ಕೆಳಗೆ 'ಸಬ್ಜೆಕ್ಟ್ಸ್'ನಲ್ಲಿ ಸರ್ವಿಸ್ ಅಕೌಂಟ್‌ನ ನೇಮ್‌ಸ್ಪೇಸ್ ಅಂತ ಇನ್ನೊಂದಿದೆ, ಅದು ಹಳೆಯದೇ ಉಳಿಯುತ್ತದೆ. ಎರಡೂ ಬೇರೆ ಬೇರೆ ಇರಬಹುದು ಎಂಬುದೇ ಪ್ರಾಜೆಕ್ಟ್ ದಾಟುವ ಅನುಮತಿಯ ಗುಟ್ಟು.

ಹೆಸರಿನ ಕಾಗುಣಿತ. ಬೈಂಡಿಂಗ್‌ನಲ್ಲಿ ಬರೆದ ಬಳಕೆದಾರ ನಿಜವಾಗಿ ಇದ್ದಾರೆಯೇ ಎಂದು ಸರ್ವರ್ ಪರೀಕ್ಷಿಸುವುದಿಲ್ಲ. ತಪ್ಪು ಹೆಸರಿಗೂ ಬೈಂಡಿಂಗ್ ಸಲೀಸಾಗಿ ಆಗುತ್ತದೆ. ದೊಡ್ಡಕ್ಷರ ಸಣ್ಣಕ್ಷರವೂ ಲೆಕ್ಕಕ್ಕೆ ಬರುತ್ತದೆ. ಕಂಪನಿಯ ಡೈರೆಕ್ಟರಿಯಿಂದ ಲಾಗಿನ್ ಬರುವ ಕಡೆ ನಿಮ್ಮ ಹೆಸರು ಇಮೇಲೋ ನೌಕರರ ಸಂಖ್ಯೆಯೋ ಎಂಬ ಗೊಂದಲ ಸಾಮಾನ್ಯ. 'ಓಸಿ ಹೂ-ಆಮ್-ಐ' ಏನು ತೋರಿಸುತ್ತದೋ ಅದನ್ನು ಅಕ್ಷರ ಬಿಡದೆ ಹಾಕಬೇಕು.

ಚೀಟಿ ಸರಿಯಾಗಿಯೇ ಇದೆ, ರೋಲ್ ಮಾತ್ರ ತಪ್ಪು ಎಂದಾದರೆ ತಿದ್ದಲು ಹೋಗಬೇಡಿ. ಬೈಂಡಿಂಗ್ ಯಾವ ರೋಲನ್ನು ತೋರಿಸುತ್ತದೆ ಎಂಬುದನ್ನು ಒಮ್ಮೆ ಮಾಡಿದ ಮೇಲೆ ಬದಲಿಸಲು ಬರುವುದಿಲ್ಲ. ಅಳಿಸಿ ಹೊಸದು ಮಾಡಬೇಕು. ಪ್ರಾಡ್‌ನಲ್ಲಿ ಅಳಿಸುವ ಮೊದಲು ಆ ಬೈಂಡಿಂಗ್‌ನಲ್ಲಿ ಬೇರೆ ಯಾರ ಹೆಸರಿದೆ ನೋಡಿಕೊಳ್ಳಿ. ಒಂದೇ ಚೀಟಿಯಲ್ಲಿ ನಾಲ್ಕು ಜನ ಇರಬಹುದು, ಅವರ ಕೆಲಸವೂ ನಿಂತೀತು.

## "ಬಿಲ್ಡ್ ಆಯ್ತು, ಟೆಸ್ಟ್‌ನಲ್ಲಿ ಪಾಡ್ 'ಇಮೇಜ್‌ಪುಲ್‌ಬ್ಯಾಕ್‌ಆಫ್' ಅಂತಿದೆ"

ಅಂದರೆ ಪಾಡ್‌ಗೆ ಇಮೇಜ್ ಎಳೆದುಕೊಳ್ಳಲು ಆಗುತ್ತಿಲ್ಲ. ಇಮೇಜ್ ಅಂಗಡಿ-ಬಿಲ್ಡ್‌ನಲ್ಲಿ, ಓಡಬೇಕಾದ್ದು ಅಂಗಡಿ-ಟೆಸ್ಟ್‌ನಲ್ಲಿ. ಮೊದಲು 'ಓಸಿ ಡಿಸ್ಕ್ರೈಬ್ ಪಾಡ್' ಹೊಡೆದು ಕೊನೆಯ ಈವೆಂಟ್‌ಗಳನ್ನು ಓದಿ. ಇಮೇಜ್ ಅಥವಾ ಟ್ಯಾಗ್ ಸಿಗಲಿಲ್ಲ ಎಂದಿದ್ದರೆ ಅದು ಹೆಸರಿನ ತಪ್ಪು, ಪರ್ಮಿಷನ್ ಅಲ್ಲ. 'ಆಥೆಂಟಿಕೇಶನ್ ರಿಕ್ವೈರ್ಡ್' ಎಂದಿದ್ದು, ಇಮೇಜ್ ಕ್ಲಸ್ಟರ್‌ನ ಒಳಗಿನ ರಿಜಿಸ್ಟ್ರಿಯದ್ದೇ (ಇಮೇಜ್‌ಗಳ ಉಗ್ರಾಣದ್ದೇ) ಆಗಿದ್ದರೆ ಅನುಮತಿ ಬೇಕು.

ಇದಕ್ಕೆಂದೇ 'ಸಿಸ್ಟಮ್:ಇಮೇಜ್-ಪುಲ್ಲರ್' ಎಂಬ ಮೊದಲೇ ಸಿದ್ಧವಿರುವ ರೋಲ್ ಇದೆ. ಎಳೆಯುವುದು ಟೆಸ್ಟ್‌ನ ಅಕೌಂಟ್, ಇಮೇಜ್ ಇರುವುದು ಬಿಲ್ಡ್‌ನಲ್ಲಿ. ಆದ್ದರಿಂದ ಬೈಂಡಿಂಗ್ ಬಿಲ್ಡ್‌ನಲ್ಲಿ ಆಗಬೇಕು. ಇದನ್ನು ಉಲ್ಟಾ ಮಾಡುವವರೇ ಜಾಸ್ತಿ. ಟೆಸ್ಟ್‌ನ ಎಲ್ಲ ಅಕೌಂಟ್‌ಗೂ ಕೊಡಬೇಕೆಂದರೆ 'ಸಿಸ್ಟಮ್:ಸರ್ವಿಸ್‌ಅಕೌಂಟ್ಸ್:ಅಂಗಡಿ-ಟೆಸ್ಟ್' ಎಂಬ ಗುಂಪಿಗೆ ಕೊಡಬಹುದು. 'ಅಕೌಂಟ್ಸ್' ಎಂಬ ಬಹುವಚನ ಗಮನಿಸಿ. ಒಂದೇ ಅಕೌಂಟ್‌ಗೆ ಕೊಡುವುದಾದರೆ ಪಾಡ್ ನಿಜವಾಗಿ ಯಾವ ಅಕೌಂಟ್‌ನಲ್ಲಿ ಓಡುತ್ತಿದೆ ನೋಡಿ. 'ಡೀಫಾಲ್ಟ್'ಗೆ ಕೊಟ್ಟು, ಪಾಡ್ ಬೇರೊಂದು ಅಕೌಂಟ್‌ನಲ್ಲಿ ಓಡುತ್ತಿದ್ದರೆ ಸಂಜೆವರೆಗೂ ತಲೆ ಕೆರೆದುಕೊಳ್ಳಬೇಕು.

## "ಪಾಡ್ ಕಾಣ್ತಿದೆ, ಲಾಗ್ ಬರಲ್ಲ"

ಪಾಡ್ ಬೇರೆ, ಪಾಡ್‌ನ ಲಾಗ್ ಬೇರೆ, ಪಾಡ್‌ನೊಳಗೆ ಹೋಗಿ ಕಮಾಂಡ್ ಹೊಡೆಯುವುದು ಬೇರೆ. ಕೈಯಾರೆ ಬರೆದ ರೋಲ್‌ನಲ್ಲಿ 'ಪಾಡ್ಸ್' ಎಂದಷ್ಟೇ ಇದ್ದರೆ 'ಪಾಡ್ಸ್/ಲಾಗ್' ಸಿಗುವುದಿಲ್ಲ. ಮೊದಲೇ ಸಿದ್ಧವಿರುವ 'ವ್ಯೂ' ರೋಲ್‌ನಲ್ಲಿ ಲಾಗ್ ಇದೆ, ಒಳಗೆ ಹೋಗುವ ಹಕ್ಕು ಇಲ್ಲ. ಅದರಲ್ಲಿ ಸೀಕ್ರೆಟ್ ಕೂಡ ಕಾಣುವುದಿಲ್ಲ. ಅದು ಬೇಕೆಂದೇ ಮಾಡಿದ್ದು, ಸರಿಪಡಿಸಲು ಹೋಗಬೇಡಿ.

ಅದೇ ರೀತಿ ರೋಲ್‌ನಲ್ಲಿ ಒಂದು ನಿರ್ದಿಷ್ಟ ಹೆಸರಿನ ವಸ್ತುವಿಗೆ ಮಾತ್ರ ಹಕ್ಕು ಕೊಟ್ಟಿದ್ದರೆ, ಅದನ್ನು ಹೆಸರು ಹೇಳಿ ತರಬಹುದು, ಇಡೀ ಪಟ್ಟಿ ಕೇಳಿದರೆ ಫರ್ಬಿಡನ್. ಹೊಸ ವಸ್ತು ಸೃಷ್ಟಿಸುವುದನ್ನು ಹೆಸರಿನಿಂದ ಕಟ್ಟಿಹಾಕಲೂ ಬರುವುದಿಲ್ಲ.

ಎಡಿಟ್ ರೋಲ್ ಇದ್ದರೂ ಹೊಸದಾಗಿ ಹಾಕಿದ ಆಪರೇಟರ್‌ನ (ಕ್ಲಸ್ಟರ್‌ಗೆ ಹೊಸ ಬಗೆಯ ವಸ್ತು ಸೇರಿಸುವ ಸಾಧನದ) ವಸ್ತು ಮಾತ್ರ ಮುಟ್ಟಲಾಗುತ್ತಿಲ್ಲವೇ? ಆ ಹೊಸ ಬಗೆಯನ್ನು ಎಡಿಟ್ ರೋಲ್‌ಗೆ ಯಾರೂ ಸೇರಿಸಿಲ್ಲ. ಅದಕ್ಕೆ 'ಅಗ್ರಿಗೇಟ್-ಟು-ಎಡಿಟ್' ಲೇಬಲ್ ಇರುವ ಕ್ಲಸ್ಟರ್‌ರೋಲ್ (ಇಡೀ ಕ್ಲಸ್ಟರ್ ಮಟ್ಟದಲ್ಲಿ ಬರೆದಿಟ್ಟ ರೋಲ್) ಬೇಕು. ಇದು ಕ್ಲಸ್ಟರ್ ನೋಡಿಕೊಳ್ಳುವ ಪ್ಲಾಟ್‌ಫಾರ್ಮ್ ತಂಡದ ಕೆಲಸ. ಎಡಿಟ್ ರೋಲನ್ನೇ ನೇರವಾಗಿ ತಿದ್ದಿದರೆ ಸಿಸ್ಟಮ್ ಅದನ್ನು ಮತ್ತೆ ಮೊದಲಿನಂತೆ ಬರೆದುಬಿಡುತ್ತದೆ.

## "ಕ್ಯಾನ್-ಐ 'ಯೆಸ್' ಅನ್ನುತ್ತೆ, ಆದರೂ ಫರ್ಬಿಡನ್!"

ಇದು ಚೆನ್ನಾಗಿ ತಲೆ ತಿನ್ನುತ್ತದೆ. ಕ್ಯಾನ್-ಐ ನೋಡುವುದು ಹಕ್ಕನ್ನು ಮಾತ್ರ. ಹಕ್ಕಿನ ಬಾಗಿಲು ದಾಟಿದ ಮೇಲೆ ಇನ್ನೊಂದು ತಪಾಸಣೆ ಇದೆ. ಅಲ್ಲಿ ತಡೆದರೂ ಅದೇ 403, ಅದೇ 'ಫರ್ಬಿಡನ್' ಬರಬಹುದು. ವ್ಯತ್ಯಾಸ ಮುಂದಿನ ಮಾತಿನಲ್ಲಿದೆ.

'ಎಕ್ಸೀಡೆಡ್ ಕೋಟಾ' ಎಂದಿದ್ದರೆ ಆ ಪ್ರಾಜೆಕ್ಟ್‌ಗೆ ಕೊಟ್ಟ ಮೆಮೊರಿ, ಸಿಪಿಯು ಥರದ ಯಾವುದೋ ಮಿತಿ ಮುಗಿದಿದೆ. 'ಅಡ್ಮಿಷನ್ ವೆಬ್‌ಹುಕ್ ... ಡಿನೈಡ್ ದ ರಿಕ್ವೆಸ್ಟ್' ಎಂದಿದ್ದರೆ ಕಂಪನಿಯವರು ಹಾಕಿದ ಯಾವುದೋ ನಿಯಮ ತಡೆದಿದೆ. ಆ ವೆಬ್‌ಹುಕ್‌ನ ಹೆಸರು ಅಲ್ಲೇ ಇರುತ್ತದೆ.

'ಅನೇಬಲ್ ಟು ವ್ಯಾಲಿಡೇಟ್ ಅಗೇನ್ಸ್ಟ್ ಎನಿ ಸೆಕ್ಯುರಿಟಿ ಕಾಂಟೆಕ್ಸ್ಟ್ ಕನ್‌ಸ್ಟ್ರೇಂಟ್' ಎಂದಿದ್ದರೆ ಪಾಡ್ ತನಗೆ ಕೊಟ್ಟದ್ದಕ್ಕಿಂತ ಜಾಸ್ತಿ ಅಧಿಕಾರ ಕೇಳುತ್ತಿದೆ. ಬಹಳ ಸಲ ಅದು ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿಯೋ ನಿಗದಿತ ಸಂಖ್ಯೆಯ ಯೂಸರ್ ಆಗಿಯೋ ಓಡಬೇಕು ಎಂದು ಕೇಳಿರುತ್ತದೆ. ಓಪನ್‌ಶಿಫ್ಟ್ ಪ್ರತಿ ಪ್ರಾಜೆಕ್ಟ್‌ಗೂ ಬೇರೆ ಬೇರೆ ಯೂಸರ್ ಸಂಖ್ಯೆಗಳ ಸಾಲು ಕೊಡುತ್ತದೆ. ಹಾಗಾಗಿ ಡೆವ್‌ನ ಸಂಖ್ಯೆಯನ್ನು ಯಾಮಲ್‌ನಲ್ಲಿ ಬರೆದಿಟ್ಟಿದ್ದರೆ ಡೆವ್‌ನಲ್ಲಿ ಓಡುತ್ತದೆ, ಪ್ರಾಡ್‌ನಲ್ಲಿ ಬೀಳುತ್ತದೆ. ಸಂಖ್ಯೆ ತೆಗೆದುಹಾಕಿದರೆ ಸಾಕು. ಅದನ್ನು ಬಿಟ್ಟು 'ಪ್ರಿವಿಲೆಜ್ಡ್' (ತಡೆಯೇ ಇಲ್ಲದಂಥ ಅನುಮತಿ) ಕೊಟ್ಟುಬಿಡುವುದು ಇಲಿಗೆ ಹೆದರಿ ಮನೆಗೇ ಬೆಂಕಿ ಹಚ್ಚಿದ ಹಾಗೆ.

ಇನ್ನು ಒಂದು ಪ್ರಾಜೆಕ್ಟ್‌ನ ಆ್ಯಪ್ ಇನ್ನೊಂದರ ಸರ್ವಿಸನ್ನು ಕರೆದಾಗ ಉತ್ತರವೇ ಬರದೆ ಟೈಮ್‌ಔಟ್ ಆದರೆ ಅದಕ್ಕೂ ರೋಲ್‌ಗೂ ಸಂಬಂಧ ಇಲ್ಲ. ನೆಟ್‌ವರ್ಕ್ ಪಾಲಿಸಿ (ಯಾವ ಪಾಡ್ ಯಾವುದರ ಜೊತೆ ಮಾತಾಡಬಹುದು ಎಂಬ ನಿಯಮ) ನೋಡಿ.

## "ನಿನ್ನೆ ತನಕ ಕೆಲಸ ಮಾಡ್ತಿತ್ತು"

ಕೊಟ್ಟ ಹಕ್ಕು ಕೆಲವೇ ನಿಮಿಷದಲ್ಲಿ ಮಾಯವಾಗುತ್ತಿದ್ದರೆ ಗಿಟ್‌ನಿಂದ ಎಲ್ಲವನ್ನೂ ಹೊಂದಿಸುವ ಆರ್ಗೋ ಸಿಡಿಯಂಥ ಸಾಧನ ಇದೆಯೇ ಕೇಳಿ. ಗಿಟ್‌ನಲ್ಲಿ ಇರುವುದಕ್ಕಿಂತ ಬೇರೆಯಾಗಿ ಕೈಯಿಂದ ಮಾಡಿದ ಬದಲಾವಣೆಯನ್ನು ಅದು ಹಿಂದಕ್ಕೆ ತಿರುಗಿಸಬಹುದು. ತಿದ್ದಬೇಕಾದ್ದು ಗಿಟ್‌ನಲ್ಲಿ.

ಒಂದು ತಂಡಕ್ಕೆ ತಂಡವೇ ಹಕ್ಕು ಕಳೆದುಕೊಂಡರೆ ಗುಂಪಿನ ಕಡೆ ನೋಡಿ. ಡೈರೆಕ್ಟರಿಯಿಂದ ಗುಂಪು ತರುವ ಸಿಂಕ್ ತಪ್ಪಾಗಿ ನಡೆದಿರಬಹುದು, ಅಥವಾ ಅಲ್ಲಿ ಗುಂಪಿನ ಹೆಸರು ಬದಲಾಗಿರಬಹುದು. ಪ್ರಾಜೆಕ್ಟನ್ನೇ ಅಳಿಸಿ ಮತ್ತೆ ಮಾಡಿದ್ದರೆ ಅದರೊಳಗಿನ ಬೈಂಡಿಂಗ್‌ಗಳೆಲ್ಲ ಅದರ ಜೊತೆಗೇ ಹೋಗಿವೆ.

## "ನಾನೇ ಪ್ರಾಜೆಕ್ಟ್ ಅಡ್ಮಿನ್, ಆದರೂ ರೋಲ್ ಕೊಡಕ್ಕಾಗ್ತಿಲ್ಲ"

ತಮ್ಮ ಪ್ರಾಜೆಕ್ಟ್‌ನಲ್ಲಿ ಬೈಂಡಿಂಗ್ ಮಾಡಲು ಅಡ್ಮಿನ್ ರೋಲ್ ಸಾಕು, ಪ್ಲಾಟ್‌ಫಾರ್ಮ್ ತಂಡದ ಕಾಲು ಹಿಡಿಯಬೇಕಿಲ್ಲ. ಆದರೆ 'ಅಟೆಂಪ್ಟಿಂಗ್ ಟು ಗ್ರಾಂಟ್ ಆರ್‌ಬಿಎಸಿ ಪರ್ಮಿಷನ್ಸ್ ನಾಟ್ ಕರೆಂಟ್ಲಿ ಹೆಲ್ಡ್' ಎಂದು ಬಂದರೆ, ನಿಮ್ಮ ಬಳಿಯೇ ಇಲ್ಲದ ಹಕ್ಕನ್ನು ಇನ್ನೊಬ್ಬರಿಗೆ ದಾನ ಮಾಡಲು ಹೊರಟಿದ್ದೀರಿ (ಆರ್‌ಬಿಎಸಿ ಅಂದರೆ ಈ ರೋಲ್ ಆಧಾರಿತ ಹಕ್ಕಿನ ವ್ಯವಸ್ಥೆ). ಇದು ಬೇಕೆಂದೇ ಹಾಕಿದ ತಡೆ. ಇಲ್ಲಿ ನಿಲ್ಲಿಸಿ.

ಎರರ್‌ನಲ್ಲಿ 'ಅಟ್ ದ ಕ್ಲಸ್ಟರ್ ಸ್ಕೋಪ್' ಎಂದಿದ್ದರೂ ನಿಲ್ಲಿಸಿ. ಅದು ಒಂದು ಪ್ರಾಜೆಕ್ಟ್‌ನೊಳಗೆ ಬಗೆಹರಿಯುವ ವಿಷಯವಲ್ಲ. ಪ್ಲಾಟ್‌ಫಾರ್ಮ್ ತಂಡಕ್ಕೆ ಬರೆಯುವಾಗ ಎರರ್‌ನ ಪೂರ್ತಿ ಸಾಲು, ಕ್ಯಾನ್-ಐ ಉತ್ತರ, ಎರರ್ ಬಂದ ಸಮಯ ಕೊಡಿ. ಸಮಯ ಮುಖ್ಯ, ಯಾಕೆಂದರೆ ಅವರು ಆಡಿಟ್ ಲಾಗ್‌ನಲ್ಲಿ ಆ ಒಂದು ವಿನಂತಿಯನ್ನು ಹುಡುಕಿ ತೆಗೆಯಬಹುದು. ಒಪ್ಪಿಗೆ ಸಿಕ್ಕ ವಿನಂತಿಯಾದರೆ ಯಾವ ಬೈಂಡಿಂಗ್ ಬಿಟ್ಟಿತು ಎಂಬುದೂ ಅಲ್ಲಿ ದಾಖಲಾಗಿರುತ್ತದೆ.

## "ಅವರಿಗೆ ಎಲ್ಲ ಪ್ರಾಜೆಕ್ಟೂ ಕಾಣ್ತಿದೆಯಲ್ಲ?"

ಹಕ್ಕು ಕಡಿಮೆಯಾದರೆ ದೂರು ಬರುತ್ತದೆ. ಜಾಸ್ತಿಯಾದರೆ ಯಾರೂ ಬಾಯಿ ಬಿಡುವುದಿಲ್ಲ, ಅಲ್ವಾ? ಅದಕ್ಕೇ ಇದನ್ನು ನಾವೇ ಹುಡುಕಬೇಕು.

ಸಾಮಾನ್ಯ ಕಾರಣ ಒಂದು ಪದ. 'ಆಡ್-ರೋಲ್-ಟು-ಯೂಸರ್' ಬದಲು 'ಆಡ್-ಕ್ಲಸ್ಟರ್-ರೋಲ್-ಟು-ಯೂಸರ್' ಹೊಡೆದರೆ ಅದೇ 'ವ್ಯೂ' ಇಡೀ ಕ್ಲಸ್ಟರ್‌ಗೆ ಹರಡುತ್ತದೆ. 'ವ್ಯೂ' ಕ್ಲಸ್ಟರ್‌ರೋಲ್ ಆಗಿರುವುದರಿಂದ ಕ್ಲಸ್ಟರ್ ಕಮಾಂಡ್ ಬೇಕು ಎಂದುಕೊಳ್ಳುವುದು ಸಹಜ. ಬೇಕಿಲ್ಲ. ಸಾಮಾನ್ಯ ರೋಲ್‌ಬೈಂಡಿಂಗ್ ಕೂಡ ಕ್ಲಸ್ಟರ್‌ರೋಲನ್ನು ತೋರಿಸಬಹುದು, ಆಗ ಹಕ್ಕು ಆ ಒಂದು ಪ್ರಾಜೆಕ್ಟ್‌ಗೆ ಸೀಮಿತ.

'ಓಸಿ ಆಡಮ್ ಪಾಲಿಸಿ ಹೂ-ಕ್ಯಾನ್ ಗೆಟ್ ಸೀಕ್ರೆಟ್ಸ್ -ಎನ್ ಅಂಗಡಿ-ಪ್ರಾಡ್' ಹೊಡೆದು ಬಂದ ಪಟ್ಟಿ ಓದಿ. 'ಆಡಮ್' ಅಂದರೆ ಮೂರಕ್ಷರದ 'ಎಡಿಎಂ'. ಬೇಡದ ಹೆಸರು ಕಂಡರೆ ಅದನ್ನು ಕೊಟ್ಟ ಬೈಂಡಿಂಗ್ ಹುಡುಕಿ ತೆಗೆಯಬೇಕು. 'ಇವರಿಗೆ ಬೇಡ' ಎಂದು ಮೇಲಿಂದ ಒಂದು ತಡೆ ಹಾಕುವ ದಾರಿ ಆರ್‌ಬಿಎಸಿಯಲ್ಲಿ ಇಲ್ಲ. ಇಲ್ಲಿ ಕೂಡುವುದು ಮಾತ್ರ ಇದೆ, ಕಳೆಯುವುದಿಲ್ಲ.

ಆ ಪಟ್ಟಿಯಲ್ಲಿ ಬಿಲ್ಡ್ ಪ್ರಾಜೆಕ್ಟ್‌ನ ಸರ್ವಿಸ್ ಅಕೌಂಟ್ ಇದ್ದರೆ ಇನ್ನೊಂದು ಹೆಜ್ಜೆ ಹಿಂದೆ ಹೋಗಿ. ಬಿಲ್ಡ್‌ನಲ್ಲಿ ಎಡಿಟ್ ಇರುವವರೆಲ್ಲ ಆ ಅಕೌಂಟ್ ಹೆಸರಿನಲ್ಲಿ ಪಾಡ್ ಓಡಿಸಬಹುದು. ಅಂದರೆ ಅವರೆಲ್ಲರಿಗೂ ಪ್ರಾಡ್‌ನ ಸೀಕ್ರೆಟ್ ಸಿಕ್ಕ ಹಾಗೆಯೇ, ಅವರ ಹೆಸರು ಪಟ್ಟಿಯಲ್ಲಿ ಎಲ್ಲೂ ಇಲ್ಲದೆ. ಆ ಅಕೌಂಟನ್ನು ಅಳಿಸಿದೆವು, ಇನ್ನು ಚಿಂತೆಯಿಲ್ಲ ಎಂದುಕೊಳ್ಳಬೇಡಿ. ಪ್ರಾಡ್‌ನಲ್ಲಿರುವ ಬೈಂಡಿಂಗ್ ನೆನಪಿಟ್ಟುಕೊಳ್ಳುವುದು ಹೆಸರನ್ನು ಮಾತ್ರ. ನಾಳೆ ಬಿಲ್ಡ್‌ನಲ್ಲಿ ಯಾರಾದರೂ ಅದೇ ಹೆಸರಿನ ಹೊಸ ಅಕೌಂಟ್ ಮಾಡಿದರೆ, ಹಳೆಯ ಹಕ್ಕೆಲ್ಲ ಅದಕ್ಕೆ ಬಂದು ಸೇರುತ್ತದೆ. ಮೊದಲು ಬೈಂಡಿಂಗ್ ತೆಗೆಯಿರಿ, ಆಮೇಲೆ ಅಕೌಂಟ್.